ಎಂ.ಜಿ. ಟಿಸಿ ಮತ್ತು ಟಿಡಿ: ಸಂಗ್ರಾಹಕರಿಗೆ ಯಾವುದು, ಚಾಲಕರಿಗೆ ಯಾವುದು?

ಹಳೆಯ ಕ್ರೀಡಾ ಕಾರನ್ನು ಕೊಳ್ಳುವವರು ಎರಡು ಬಗೆ. ಕಾಪಿಟ್ಟು ಪ್ರದರ್ಶಿಸುವವರು ಒಂದು ಬಗೆಯಾದರೆ, ಚಾಲನೆಯ ಸುಖಕ್ಕಾಗಿ ಕೊಳ್ಳುವವರು ಇನ್ನೊಂದು ಬಗೆ. ಈ ಅಂತರವನ್ನು ಅರಿಯದೆ ಹಣ ಹೂಡಿದರೆ ನಷ್ಟ ಖಚಿತ. ಬ್ರಿಟನ್ನಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎಂ.ಜಿ. ಸಂಸ್ಥೆಯ ಎರಡು ಮಾದರಿಗಳು ಇದಕ್ಕೆ ಉತ್ತಮ ನಿದರ್ಶನ.

ಟಿಸಿ ಮಾದರಿಯು 1945ರಿಂದ 1949ರವರೆಗೆ ಸುಮಾರು 10,000 ಸಂಖ್ಯೆಯಲ್ಲಿ ತಯಾರಾಯಿತು. 1953ರವರೆಗೆ ತಯಾರಾದ ಟಿಡಿಯ ಸಂಖ್ಯೆ 29,000ಕ್ಕೂ ಅಧಿಕ. ಎರಡರಲ್ಲೂ 1,250 ಸಿಸಿ ಸಾಮರ್ಥ್ಯದ, ನಾಲ್ಕು ಸಿಲಿಂಡರಿನ, ಜೋಡಿ ಕಾರ್ಬುರೇಟರುಳ್ಳ ಎಂಜಿನ್ ಇದೆ. ಶಕ್ತಿ ಸುಮಾರು 54 ಅಶ್ವಶಕ್ತಿ.

ವ್ಯತ್ಯಾಸವಿರುವುದು ಚಾಸಿಯಲ್ಲಿ. ಟಿಸಿಗೆ 19 ಅಂಗುಲದ ಕಡ್ಡಿ ಚಕ್ರಗಳು, ಮುಂದೆಯೂ ಹಿಂದೆಯೂ ಪಟ್ಟಿ ಸ್ಪ್ರಿಂಗ್‌ಗಳು, ಬಂಪರ್ ಇಲ್ಲ. ಯುದ್ಧಪೂರ್ವದ ಈ ಚೆಲುವೂ ಕಡಿಮೆ ಸಂಖ್ಯೆಯೂ ಸಂಗ್ರಾಹಕರನ್ನು ಸೆಳೆಯುತ್ತವೆ. ಟಿಡಿಗೆ ಮುಂಭಾಗದಲ್ಲಿ ಸ್ವತಂತ್ರ ಸುರುಳಿ ಸ್ಪ್ರಿಂಗ್, ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್, 15 ಅಂಗುಲದ ಚಕ್ರಗಳು ಮತ್ತು ಬಂಪರ್‌ಗಳಿವೆ. ಹಲಸೂರಿನಿಂದ ಕೆ.ಆರ್.ಪುರದವರೆಗಿನ ಹಳೇ ಮದ್ರಾಸ್ ರಸ್ತೆಯ ದಟ್ಟಣೆಯಲ್ಲಿ ಟಿಡಿಯೇ ಸಲೀಸು. ಟಿಸಿಗೆ ಬಲಗೈ ಚಾಲನೆ ಮಾತ್ರವಿದ್ದು, ಟಿಡಿಯಲ್ಲಿ ಎಡಗೈ ಚಾಲನೆಯ ಕಾರುಗಳೂ ಇರುವುದರಿಂದ ಕೊಳ್ಳುವವರು ಗಮನಿಸಬೇಕು.

ಎರಡರ ದೇಹದ ಒಳಚೌಕಟ್ಟೂ ಮರದ್ದು. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಮರ ಕೊಳೆತಿರಬಹುದು. ಬಾಗಿಲು ಜೋತುಬಿದ್ದಿದ್ದರೆ ಅದೇ ಸೂಚನೆ. ಎಂಜಿನ್ನಿನ ಬೋಲ್ಟುಗಳ ಮರೆ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್ ಅಳತೆಯದು. ಇದನ್ನರಿಯದ ಮೆಕ್ಯಾನಿಕ್ ಮರೆಯನ್ನೇ ಕೆಡಿಸಿಯಾನು. ಶಿವಾಜಿನಗರದ ಗುಜರಿಯಲ್ಲಾಗಲಿ ಜೆ.ಸಿ. ರಸ್ತೆಯಲ್ಲಾಗಲಿ ಬಿಡಿಭಾಗ ಹುಡುಕುವವರು ಹಳೆಯ ಬೋಲ್ಟನ್ನು ಮಾದರಿಯಾಗಿ ಒಯ್ಯುವುದು ಕ್ಷೇಮ. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುವುದರಿಂದ ಅವನ್ನು ಮೊದಲೇ ಬದಲಿಸಬೇಕು.

ಕಾನೂನಿನ ಅಂಶವೂ ಮುಖ್ಯ. ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಪ್ರಥಮ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನವು ವಿಂಟೇಜ್ ನೋಂದಣಿಗೆ ಅರ್ಹ. ಹೊಸ ನೋಂದಣಿಗೆ ರೂ. 20,000 ಶುಲ್ಕ, ಸಂಖ್ಯೆಯಲ್ಲಿ 'ವಿಎ' ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿಯಾದ ಕಾರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆ ಮುಂತಾದವುಗಳಿಗೆ ಮಾತ್ರ ಅವಕಾಶ. ಬಿಡಿಭಾಗ ದೊರೆಯದೆ ಅನ್ಯ ಕಾರಿನ ಎಂಜಿನ್ ಕೂಡಿಸಿದ್ದರೆ ಈ ಅರ್ಹತೆಯೇ ಕೈತಪ್ಪಬಹುದು.

ಆದುದರಿಂದ ಸಂಗ್ರಾಹಕರಿಗೆ ಟಿಸಿ, ಚಾಲನಾಪ್ರಿಯರಿಗೆ ಟಿಡಿ ಎಂಬುದು ಸ್ಥೂಲ ನಿಯಮ. ಆದರೆ ದಾಖಲೆಯಲ್ಲಿನ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ವಾಹನದೊಡನೆ ತಾಳೆಯಾಗದಿದ್ದಲ್ಲಿ ಎರಡರಲ್ಲಿ ಯಾವುದಕ್ಕೂ ಮುಂಗಡ ಕೊಡದಿರುವುದೇ ಲೇಸು.