ಗಾಜು ತಿಕ್ಕೋಕೆ ತಂದ ಸಕ್ಕರ್ ಮೀನು ಅಡಿಗಿಂತ ಉದ್ದ ಬೆಳೆಯುತ್ತೆ: ಅಕ್ವೇರಿಯಂ ತಳಕ್ಕೆ ಯಾವ ಮೀನು ಸರಿ?

ಹೋಟೆಲ್ ಗಲ್ಲಾದ ಪಕ್ಕ, ಕ್ಲಿನಿಕ್ ಬೆಂಚಿನ ಎದುರು, ಬಟ್ಟೆ ಅಂಗಡಿಯ ಮೂಲೆ. ಗಾಜಿನ ಮೀನಿನ ತೊಟ್ಟಿ ಈಗ ತಾಲ್ಲೂಕು ಕೇಂದ್ರಗಳಲ್ಲೂ ಸಾಮಾನ್ಯ. ಮೇಲೆ ಗಪ್ಪಿ, ಮೊಲ್ಲಿ, ಟೆಟ್ರಾ ಓಡಾಡುತ್ತವೆ. ತಳ ಮಾತ್ರ ಖಾಲಿ ಕಾಣುತ್ತದೆ, ಗಾಜಿಗೆ ಹಸಿರು ಪಾಚಿ ಕಟ್ಟುತ್ತದೆ. ಪರಿಹಾರ ಕೇಳಿದರೆ ಬಹುತೇಕ ಕಡೆ ಸಿಗುವ ಉತ್ತರ ಒಂದೇ: ‘ಒಂದು ಸಕ್ಕರ್ ಹಾಕ್ಕೊಳ್ಳಿ ಸಾರ್, ಎಲ್ಲಾ ಕ್ಲೀನ್ ಮಾಡುತ್ತೆ.’

ಎರಡು ಇಂಚಿನ ಮರಿ, ಬೆಲೆಯೂ ಕಡಿಮೆ. ಹಾಗಾಗಿ ಯಾರೂ ಹೆಚ್ಚು ಯೋಚಿಸುವುದಿಲ್ಲ. ಆದರೆ ಸಕ್ಕರ್ ಎಂದು ಮಾರುವ ಪ್ಲೆಕೋ ಮೀನು ದಕ್ಷಿಣ ಅಮೆರಿಕದ ನದಿಗಳದ್ದು. ಸರಿಯಾಗಿ ಬೆಳೆದರೆ ಒಂದು ಅಡಿಯನ್ನೂ ದಾಟುತ್ತದೆ. ಒಂದು ಅಡಿ ಅಗಲದ ತೊಟ್ಟಿಯಲ್ಲಿ ಅದಕ್ಕೆ ತಿರುಗಲೂ ಜಾಗ ಸಾಲದು. ಆಗ ಮನೆಯವರಿಗೆ ತೋಚುವುದು ಹತ್ತಿರದ ಕೆರೆ ಅಥವಾ ಹೊಳೆ. ಅಸಲಿ ತೊಂದರೆ ಶುರುವಾಗುವುದೇ ಅಲ್ಲಿ.

ತಳದ ಮೀನು ಕಸ ಗುಡಿಸಲ್ಲ

ತಳದಲ್ಲಿ ಓಡಾಡುವ ಯಾವ ಮೀನೂ ಬೇರೆ ಮೀನಿನ ಹೊಲಸನ್ನು ತಿಂದು ಬದುಕುವುದಿಲ್ಲ. ಅದಕ್ಕೂ ಊಟ ಬೇಕು, ಅದೂ ಹೊಲಸು ಮಾಡುತ್ತದೆ. ದೊಡ್ಡ ಸಕ್ಕರ್ ಇರುವ ತೊಟ್ಟಿ ಸ್ವಚ್ಛವಾಗುವ ಬದಲು ಇನ್ನಷ್ಟು ಬೇಗ ಕೊಳೆಯಾಗುತ್ತದೆ. ಮರಿಯಾಗಿದ್ದಾಗ ಪಾಚಿ ಕೆರೆದು ತಿನ್ನುವ ಪ್ಲೆಕೋ, ದೊಡ್ಡದಾದಂತೆ ಮೇಲಿನಿಂದ ಬೀಳುವ ಆಹಾರಕ್ಕೇ ಕಾಯುತ್ತದೆ. ಹೊಟ್ಟೆ ತುಂಬದಿದ್ದರೆ ಗೋಲ್ಡ್ ಫಿಶ್‌ನಂಥ ನಿಧಾನದ ಮೀನುಗಳ ಮೈಗೆ ಅಂಟಿಕೊಂಡು ಲೋಳೆ ಹೀರುವುದೂ ಉಂಟು.

ಪಾಚಿಗೆ ಕಾರಣ ಬೇರೆಯೇ ಇದೆ. ಎಷ್ಟೋ ಅಂಗಡಿಗಳಲ್ಲಿ ಬೆಳಿಗ್ಗೆ ಶಟರ್ ಎತ್ತಿದಾಗ ಹಾಕಿದ ತೊಟ್ಟಿಯ ಲೈಟು ಆರುವುದು ರಾತ್ರಿ ಬಾಗಿಲು ಹಾಕುವಾಗ. ಹತ್ತು ಹನ್ನೆರಡು ಗಂಟೆ ಬೆಳಕು, ಜತೆಗೆ ಬಂದುಹೋದವರೆಲ್ಲ ಹಾಕುವ ಆಹಾರ. ಪಾಚಿಗೆ ಇನ್ನೇನು ಬೇಕು? ಲೈಟನ್ನು ದಿನಕ್ಕೆ 6ರಿಂದ 8 ಗಂಟೆಗೆ ಇಳಿಸಿ, ಆಹಾರ ಕಡಿಮೆ ಮಾಡಿ, ವಾರಕ್ಕೊಮ್ಮೆ ಪೈಪಿನಿಂದ ತಳದ ಕೊಳೆ ಎಳೆದು ಕಾಲು ಭಾಗ ನೀರು ಬದಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದದ್ದಕ್ಕೆ ಗಾಜು ಉಜ್ಜುವ ಸ್ಪಂಜು ಸಾಕು.

ಹಾಗಾದರೆ ತಳಕ್ಕೆ ಮೀನೇ ಬೇಡವೇ? ಬೇಕು. ಕೆಲಸಕ್ಕೆಂದಲ್ಲ, ನೋಡಲು ಚೆಂದ ಎಂದು. ಆಯ್ಕೆ ಮಾಡುವಾಗ ನೋಡಬೇಕಾದ್ದು ಮರಿಯ ಗಾತ್ರವನ್ನಲ್ಲ, ಅದು ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು.

ಮೊದಲು ತೊಟ್ಟಿ ಅಳೆಯಿರಿ

ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಎಂದರೆ ಸುಮಾರು 54 ಲೀಟರ್. ಮರಳು, ಕಲ್ಲು ಹಾಕಿದ ಮೇಲೆ ನೀರು ಹಿಡಿಯುವುದು ಇನ್ನೂ ಕಡಿಮೆ. ತಳದ ಮೀನಿಗೆ ಎತ್ತರಕ್ಕಿಂತ ನೆಲದ ಜಾಗ ಮುಖ್ಯ. ಎತ್ತರವಾಗಿ, ಕಿರಿದಾಗಿ ಇರುವ ತೊಟ್ಟಿಯಲ್ಲಿ ನೀರು ಎಷ್ಟಿದ್ದರೂ ಅವಕ್ಕೆ ಓಡಾಡಲು ಜಾಗವಿರುವುದಿಲ್ಲ.

ಹೊಂದಿಕೊಂಡು ಹೋಗುವ ಮೀನುಗಳು

ಕೋರಿಡೋರಸ್: ಕೋರಿ ಎಂದೇ ಕರೆಯುತ್ತಾರೆ. 5ರಿಂದ 7 ಸೆಂಟಿಮೀಟರ್ ಬೆಳೆಯುವ, ಯಾರ ತಂಟೆಗೂ ಹೋಗದ ಪುಟ್ಟ ಕ್ಯಾಟ್‌ಫಿಶ್. ಒಂದೋ ಎರಡೋ ತಂದರೆ ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ. ಕನಿಷ್ಠ ಆರು ಇರಬೇಕು. ಹೊಸಬರಿಗೆ ಬ್ರಾಂಜ್ ಕೋರಿ ಒಳ್ಳೆಯದು, ನೀರಿನ ಸಣ್ಣಪುಟ್ಟ ವ್ಯತ್ಯಾಸ ತಡೆದುಕೊಳ್ಳುತ್ತದೆ. ಆಗಾಗ ಸರ್ರನೆ ಮೇಲೆ ಬಂದು ಗಾಳಿ ನುಂಗಿ ಕೆಳಗೆ ಹೋದರೆ ಗಾಬರಿ ಬೇಡ, ಅದು ಅದರ ಸ್ವಭಾವ. ಎಲ್ಲವೂ ಒಟ್ಟಿಗೆ ಮೇಲೆಯೇ ಬಾಯಿ ತೆರೆದು ನಿಂತರೆ ಮಾತ್ರ ನೀರು ಕೆಟ್ಟಿದೆ ಎಂದರ್ಥ.

ಕೂಲಿ ಲೋಚ್: ಹಾವಿನ ಮರಿಯಂತೆ ಕಾಣುವ, ಹಳದಿ-ಕಪ್ಪು ಪಟ್ಟೆಯ, 8ರಿಂದ 10 ಸೆಂಟಿಮೀಟರ್ ಮೀನು. ಐದಾರು ಜತೆಗಿರಬೇಕು. ಹಗಲು ಅವಿತು, ರಾತ್ರಿ ಹೊರಬರುತ್ತದೆ. ಗಿರಾಕಿಗಳಿಗೆ ಹಗಲಲ್ಲೇ ಕಾಣಬೇಕು ಎನ್ನುವ ಅಂಗಡಿಯವರಿಗೆ ಇದಕ್ಕಿಂತ ಕೋರಿ ಮೇಲು. ಸಣ್ಣ ಸಂದಿಯಲ್ಲೂ ನುಸುಳುವುದರಿಂದ ಮುಚ್ಚಳ, ಫಿಲ್ಟರ್ ಬಾಯಿಗೆ ಜಾಲರಿ ಕಡ್ಡಾಯ.

ಬ್ರಿಸಲ್‌ನೋಸ್ ಪ್ಲೆಕೋ: ಪಾಚಿ ತಿನ್ನುವ ಮೀನೇ ಬೇಕು ಎನ್ನುವವರಿಗೆ ಇದು ಸರಿ. 12ರಿಂದ 15 ಸೆಂಟಿಮೀಟರ್‌ಗೆ ನಿಲ್ಲುತ್ತದೆ. ಮೂರು ಅಡಿ ತೊಟ್ಟಿಗೆ ಒಂದು ಸಾಕು. ಒಳಗೆ ಒಂದು ಮರದ ತುಂಡು ಇಡಬೇಕು, ಸೌತೆಕಾಯಿ ಹೋಳು ಹಾಕಬೇಕು. ಪಾಚಿಯೊಂದರಿಂದಲೇ ಅದರ ಹೊಟ್ಟೆ ತುಂಬದು.

ಜೀಬ್ರಾ ಲೋಚ್: ಇದು ಹೊರದೇಶದ್ದಲ್ಲ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ, ತುಂಗಾ ನದಿಯಲ್ಲೂ ಸಿಗುವ ಪಟ್ಟೆ ಮೀನು. ಶಾಂತ ಸ್ವಭಾವದ್ದು, ತೊಟ್ಟಿಯ ಬಸವನಹುಳು ತಿನ್ನುತ್ತದೆ, ಗುಂಪಿನಲ್ಲಿರಬೇಕು. ಆದರೆ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಮೀನೆಂದು ದಾಖಲಾಗಿದೆ. ಹೊಳೆಯಿಂದ ಹಿಡಿದು ತಂದು ತೊಟ್ಟಿಗೆ ಹಾಕುವುದು ಬೇಡ.

ಇವುಗಳಿಂದ ದೂರವಿರಿ

‘ಶಾರ್ಕ್’ ಎಂದು ಮಾರುವ ಬೆಳ್ಳಿ ಬಣ್ಣದ ಮರಿ ಬಹಳ ಸಲ ಪಂಗಾಸ್ ಮೀನು, ಅಂದರೆ ಊಟಕ್ಕೆಂದು ಹೊಂಡಗಳಲ್ಲಿ ಸಾಕುವಂಥದ್ದು. ಮೀಟರ್ ಉದ್ದವೂ ಬೆಳೆಯಬಲ್ಲದು. ರೆಡ್‌ಟೇಲ್ ಕ್ಯಾಟ್‌ಫಿಶ್ ಕೂಡ ಹಾಗೆಯೇ, ಬಾಯಿಗೆ ಹಿಡಿಯುವ ಮೀನನ್ನೆಲ್ಲ ನುಂಗುತ್ತದೆ. ಕಪ್ಪು ಮೈ, ಕೆಂಪು ಬಾಲದ ‘ರೆಡ್‌ಟೇಲ್ ಶಾರ್ಕ್’ ಸುಮಾರು ಅರ್ಧ ಅಡಿಯದ್ದೇ ಆದರೂ ತಳವೆಲ್ಲ ತನ್ನದೆಂದು ಬೇರೆ ಮೀನುಗಳನ್ನು ಅಟ್ಟಾಡಿಸುತ್ತದೆ. ಚೈನೀಸ್ ಆಲ್ಗೀ ಈಟರ್ ಮರಿಯಲ್ಲಿ ಸಾಧು, ಬೆಳೆದ ಮೇಲೆ ಜಗಳಗಂಟಿ.

ಫ್ಲವರ್‌ಹಾರ್ನ್, ಆಸ್ಕರ್ ಸಾಕುವವರು ಕೋರಿ ಹಾಕಲೇಬಾರದು. ನುಂಗಲು ಹೋದರೆ ಕೋರಿ ತನ್ನ ರೆಕ್ಕೆಯ ಮುಳ್ಳು ಸೆಟೆಸಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ನುಂಗಿದ್ದೂ ಸಾಯಬಹುದು, ನುಂಗಿಸಿಕೊಂಡದ್ದೂ ಸಾಯಬಹುದು.

ಮರಳು, ನೀರು, ಊಟ

ಕೋರಿ ಮತ್ತು ಲೋಚ್ ಮೀಸೆಯಿಂದ ನೆಲ ತಡಕಿ ಆಹಾರ ಹುಡುಕುತ್ತವೆ. ಚೂಪು ಅಂಚಿನ ಬಣ್ಣದ ಕಲ್ಲು ಹಾಕಿದರೆ ಮೀಸೆ ಸವೆದು ಹುಣ್ಣಾಗುತ್ತದೆ. ಎಂ-ಸ್ಯಾಂಡ್ ಕೂಡ ಬೇಡ, ಅದು ಒಡೆದ ಕಲ್ಲಿನ ಪುಡಿ. ನುಣುಪಾದ ಹೊಳೆ ಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು ಒಂದೂವರೆ ಇಂಚು ಹರಡಿದರೆ ಸಾಕು.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡುವುದು ಸಾಮಾನ್ಯ ತಪ್ಪು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯಾಗಲು 4ರಿಂದ 6 ವಾರ ಹಿಡಿಯುತ್ತದೆ. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಬೇಕು. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಅಥವಾ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ ಬಳಸಬೇಕು. ರೋಗಕ್ಕೆಂದು ಕೈಗೆ ಬಂದಷ್ಟು ಉಪ್ಪು, ಔಷಧ ಸುರಿಯುವುದೂ ಬೇಡ. ಉಳಿದ ಮೀನು ತಡೆದುಕೊಂಡರೂ ಲೋಚ್, ಕೋರಿ ತಡೆಯಲಾರವು.

ಮೇಲಿನ ಮೀನುಗಳು ಬಿಟ್ಟ ಚೂರು ಸಾಕು ಎಂದುಕೊಂಡರೆ ತಳದವು ಸೊರಗುತ್ತವೆ. ರಾತ್ರಿ ಲೈಟ್ ಆರಿಸಿದ ಮೇಲೆ ಮುಳುಗುವ ಗುಳಿಗೆ ಆಹಾರವನ್ನು ಬೇರೆಯಾಗಿ ಹಾಕಬೇಕು.

ಎರಡು ಅಡಿ ತೊಟ್ಟಿಗೆ ಆರು ಬ್ರಾಂಜ್ ಕೋರಿ, ಮೇಲೆ ಎಂಟು ಸಣ್ಣ ಟೆಟ್ರಾ ಸಾಕು. ಕೋರಿ ಬದಲು ಐದಾರು ಕೂಲಿ ಲೋಚ್ ಆದರೂ ಸರಿ, ಎರಡೂ ಒಟ್ಟಿಗೆ ಬೇಡ. ಮೂರು ಅಡಿ ತೊಟ್ಟಿಯಾದರೆ ಆರು ಕೋರಿ ಜತೆ ಒಂದು ಬ್ರಿಸಲ್‌ನೋಸ್ ಸೇರಿಸಬಹುದು.

ಕೆರೆಗೆ ಬಿಟ್ಟರೆ ಏನಾಗುತ್ತೆ?

ಸಕ್ಕರ್ ಮೀನಿಗೆ ಮೈತುಂಬ ಗಟ್ಟಿ ಕವಚ, ರೆಕ್ಕೆಯಲ್ಲಿ ಮುಳ್ಳು. ಇದನ್ನು ತಿನ್ನುವ ಮೀನು, ಹಕ್ಕಿ ಇಲ್ಲಿ ಕಡಿಮೆ. ಗಾಳಿ ನುಂಗಿ ಉಸಿರಾಡಬಲ್ಲದ್ದರಿಂದ ಕೊಳಚೆ ನೀರಲ್ಲೂ ಬದುಕುತ್ತದೆ. ಮೊಟ್ಟೆಯಿಡಲು ದಡದಲ್ಲಿ ಬಿಲ ಕೊರೆಯುವುದರಿಂದ ಏರಿಯ ಮಣ್ಣು ಸಡಿಲವಾಗುತ್ತದೆ. ಬಲೆಗೆ ಬಿದ್ದರೆ ಬಲೆಯೇ ಹರಿಯುತ್ತದೆ. ಆಂಧ್ರದ ಮೀನು ಹೊಂಡಗಳು, ಕೊಲ್ಕತ್ತಾದ ಜೌಗು ಪ್ರದೇಶ, ಕೇರಳದ ನೀರಿನ ತಾಣಗಳಲ್ಲಿ ಇದು ಈಗಾಗಲೇ ಬೇರೂರಿದೆ. ಅಲ್ಲಿಗೆ ಇದು ಬಂದದ್ದು ಅಲಂಕಾರಿಕ ಮೀನಿನ ವ್ಯಾಪಾರದ ಮೂಲಕವೇ.

ತಾಲ್ಲೂಕಿನ ಕೆರೆಗಳಲ್ಲಿ ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟು ಸಾಕುವ ಮೀನುಗಾರರಿದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆ, ಶೃಂಗೇರಿಯಂಥ ಕಡೆ ತುಂಗೆಯ ಮೀನುಗಳನ್ನು ದೇವರ ಮೀನೆಂದು ಯಾರೂ ಮುಟ್ಟದೆ ಕಾಯ್ದುಕೊಂಡು ಬಂದಿದ್ದಾರೆ. ತೊಟ್ಟಿಯ ಮೀನಿಗೆ ‘ಮುಕ್ತಿ’ ಕೊಡುತ್ತೇವೆಂದು ಹೊಳೆಗೆ ಬಿಡುವುದು ಪುಣ್ಯದ ಕೆಲಸವಲ್ಲ, ಅಲ್ಲಿರುವ ಮೀನಿಗೆ ಅನ್ಯಾಯ.

ಈಗಾಗಲೇ ಸಕ್ಕರ್ ದೊಡ್ಡದಾಗಿದ್ದರೆ ತಂದ ಅಂಗಡಿಗೇ ವಾಪಸ್ ಕೊಡಬಹುದು, ಅಥವಾ ದೊಡ್ಡ ತೊಟ್ಟಿ ಇರುವವರಿಗೆ ದಾಟಿಸಬಹುದು. ಮಾರುವವರು ‘ದೊಡ್ಡದಾದರೆ ತಂದುಕೊಡಿ’ ಎಂದು ಒಂದು ಮಾತು ಹೇಳಿದರೂ ಎಷ್ಟೋ ಮೀನು ಕೆರೆ ಸೇರುವುದು ತಪ್ಪುತ್ತದೆ. ಕೊಳ್ಳುವವರು ದುಡ್ಡು ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿದರೆ ಸಾಕು: ಎಷ್ಟು ಉದ್ದ ಬೆಳೆಯುತ್ತೆ? ಎಷ್ಟು ಜತೆಗಿರಬೇಕು? ದೊಡ್ಡದಾದ ಮೇಲೆ ಏನು ತಿನ್ನುತ್ತೆ? ಮೂರಕ್ಕೂ ನೇರ ಉತ್ತರ ಸಿಗದ ಮೀನನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.