ಕಲ್ಲನ್ನು ಒಡೆಯುವ ನೀರು, ಕಾಂಕ್ರೀಟನ್ನು ಕಾಯುವ ಗಾಳಿ

ಒಳ್ಳೆಯ ಕಾಂಕ್ರೀಟ್ ಎಂದರೆ ಒಂದಿಷ್ಟೂ ಗಾಳಿ ಉಳಿಯದಂತೆ ಗಟ್ಟಿಯಾಗಿ ದಮ್ಮಸು ಮಾಡಿದ ಕಾಂಕ್ರೀಟ್ ಎಂದೇ ನಾವೆಲ್ಲ ನಂಬಿದ್ದೇವೆ. ಕೆನಡಾದಲ್ಲಿ ಅದು ತಲೆಕೆಳಗು! ಅಲ್ಲಿ ಮನೆಯ ಮುಂದೆ ಹಾಕುವ ಕಾಂಕ್ರೀಟಿನಲ್ಲಿ ಶೇ 5ರಿಂದ 8ರಷ್ಟು ಗಾಳಿ ಇರಲೇಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು, ಒಂದು ಘನ ಮೀಟರಿನಲ್ಲಿ ಸಾವಿರಾರು ಕೋಟಿ. ಅವುಗಳಿಂದ ಕಾಂಕ್ರೀಟಿನ ಬಲ ಕೊಂಚ ತಗ್ಗುತ್ತದೆ. ತಗ್ಗಿದರೂ ಸರಿ, ಗುಳ್ಳೆ ಬೇಕು. ಯಾಕೆಂದು ಹುಡುಕುತ್ತ ಹೋದಾಗ ಟೊರೊಂಟೊದ ಹಿಮದಿಂದ ಹುನಗುಂದದ ಎರೆಹೊಲಕ್ಕೂ ಇಳಕಲ್ಲಿನ ಕೆಂಪು ಕಲ್ಲಿಗೂ ದಾರಿ ತೆರೆದುಕೊಂಡಿತು. ಆಮೇಲೆ ಬಾಗಲಕೋಟೆ ಜಿಲ್ಲೆಯ ನೆಲ ನನಗೆ ಮೊದಲಿನಂತೆ ಕಾಣಲೇ ಇಲ್ಲ.

ಟೊರೊಂಟೊ ಪಕ್ಕದ ಬ್ರಾಂಪ್ಟನ್, ಮಿಸ್ಸಿಸಾಗಾಗಳಲ್ಲಿ ಮನೆ ಮಾಡಿರುವ ಕನ್ನಡಿಗರನ್ನು ಕೇಳಿ, ಡ್ರೈವ್‌ವೇ ಕಾಟ ಏನೆಂದು ಹೇಳುತ್ತಾರೆ. ರಸ್ತೆಯಿಂದ ಗ್ಯಾರೇಜಿನವರೆಗೆ ಹಾಸಿದ ಕಾಂಕ್ರೀಟ್ ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ, ಮೇಲಿನ ಪದರ ಉದುರಿ ಒಳಗಿನ ಖಡಿ ಹಲ್ಲು ಕಿರಿಯುತ್ತದೆ. ಕಾರಿನ ಭಾರಕ್ಕೆ ಹೀಗಾಗುವುದಿಲ್ಲ. ಇದು ನೀರಿನ ಕೆಲಸ. ಜಗತ್ತಿನ ಬಹುತೇಕ ವಸ್ತುಗಳು ಗಟ್ಟಿಯಾಗುವಾಗ ಕುಗ್ಗುತ್ತವೆ, ನೀರು ಹಾಗಲ್ಲ, ಹಿಗ್ಗುತ್ತದೆ, ಅದೂ ಶೇ 9ರಷ್ಟು! ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡ ನೀರು ರಾತ್ರಿ ಹೆಪ್ಪುಗಟ್ಟಿ ಒಳಗಿನಿಂದಲೇ ಗೋಡೆಗಳನ್ನು ಒತ್ತುತ್ತದೆ, ಹಗಲು ಕರಗಿ ಇನ್ನಷ್ಟು ನೀರಿಗೆ ಜಾಗ ಬಿಡುತ್ತದೆ, ಮತ್ತೆ ರಾತ್ರಿ ಹೆಪ್ಪುಗಟ್ಟುತ್ತದೆ. ಪ್ರಯೋಗಾಲಯದಲ್ಲಿ ಕಾಂಕ್ರೀಟಿನ ತಾಳಿಕೆ ನೋಡಲು ಹೀಗೆ 300 ಸಲ ಹೆಪ್ಪುಗಟ್ಟಿಸಿ ಕರಗಿಸುವ ಪರೀಕ್ಷೆಯೇ ಇದೆ.

ಹಿಮ ಕರಗಲೆಂದು ಎರಚುವ ಉಪ್ಪು ಇನ್ನೊಂದು ವಿಸ್ಮಯ. ಉಪ್ಪು ಹೆಚ್ಚಿದಷ್ಟೂ ಹಾನಿ ಹೆಚ್ಚು ಎಂದುಕೊಳ್ಳುತ್ತೇವಲ್ಲ? ಇಲ್ಲ! ಕಾಂಕ್ರೀಟಿನ ಮೈ ಅತಿಹೆಚ್ಚು ಸುಲಿಯುವುದು ಶೇ 3ರ ಆಸುಪಾಸಿನ ತೆಳು ಉಪ್ಪುನೀರಿಗೆ. ಗಾಢವಾದ ಉಪ್ಪುನೀರೂ ಬರಿಯ ನೀರೂ ಅಷ್ಟು ಕೆಡಿಸುವುದಿಲ್ಲ.

ಈ ಹಾನಿಗೆ ಮದ್ದು ಸಿಕ್ಕಿದ ಬಗೆಯನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ. 1930ರ ದಶಕದ ಅಮೆರಿಕ. ನ್ಯೂಯಾರ್ಕ್ ರಾಜ್ಯದ ಕಾಂಕ್ರೀಟ್ ರಸ್ತೆಗಳು ಹಿಮಕ್ಕೂ ಉಪ್ಪಿಗೂ ಸಿಕ್ಕಿ ಹಾಳಾಗುತ್ತಿದ್ದವು, ಕೆಲವು ರಸ್ತೆಗಳು ಮಾತ್ರ ಏನೂ ಆಗದಂತೆ ಉಳಿದಿದ್ದವು. ಅದೇ ಚಳಿ, ಅದೇ ಉಪ್ಪು, ಅದೇ ಗಾಡಿಗಳು. ಹುಡುಕಿದಾಗ ಜಾಡು ಸಿಮೆಂಟ್ ಗಿರಣಿಗಳಿಗೆ ಹೋಗಿ ಮುಟ್ಟಿತು. ಕೆಲವು ಗಿರಣಿಗಳಲ್ಲಿ ಸಿಮೆಂಟನ್ನು ಅರೆಯುವುದು ಹಗುರಾಗಲೆಂದು ದನದ ಕೊಬ್ಬನ್ನು ಬೆರೆಸುತ್ತಿದ್ದರು. ಆ ಕೊಬ್ಬು ಕಾಂಕ್ರೀಟ್ ಕಲಸುವಾಗ ಸಾಬೂನಿನಂತೆ ನೊರೆಯೆಬ್ಬಿಸಿ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಒಳಗೆ ಉಳಿಸಿಬಿಟ್ಟಿತ್ತು! ಹೆಪ್ಪುಗಟ್ಟುವ ನೀರು ಪಕ್ಕದ ಖಾಲಿ ಗುಳ್ಳೆಗೆ ಸರಿದುಕೊಳ್ಳುತ್ತಿತ್ತು, ಒತ್ತಡ ಅಲ್ಲೇ ಇಳಿದುಹೋಗುತ್ತಿತ್ತು. 1945ರಲ್ಲಿ ಟಿ. ಸಿ. ಪವರ್ಸ್ ಎಂಬ ಸಂಶೋಧಕರು ಈ ಒತ್ತಡದ ಲೆಕ್ಕವನ್ನು ಬಿಡಿಸಿದರು. ನೀರಿನ ಒಂದು ಹನಿಗೆ ಹತ್ತಿರದ ಗುಳ್ಳೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗದೊಳಗೇ ಸಿಗಬೇಕು, ಅದಕ್ಕಿಂತ ದೂರವಾದರೆ ಕಾಂಕ್ರೀಟ್ ಸೀಳುತ್ತದೆ. ಅಂದರೆ ಇಲ್ಲಿ ಗುಳ್ಳೆ ಎಷ್ಟು ಎನ್ನುವುದಕ್ಕಿಂತ ಎಷ್ಟು ಹತ್ತಿರ ಹತ್ತಿರ ಇವೆ ಎನ್ನುವುದೇ ಮುಖ್ಯ. ಕೊಬ್ಬಿನ ಜಾಗಕ್ಕೆ ಪೈನ್ ಮರದ ಬೊಡ್ಡೆಯಿಂದ ತೆಗೆದ ರಾಳ ಬಂತು, ಈಗ ಬಗೆಬಗೆಯ ರಸಾಯನಗಳಿವೆ. ನಮ್ಮ ದೇಶದ ಐಎಸ್ 456 ಕಾಂಕ್ರೀಟ್ ಸಂಹಿತೆಯಲ್ಲೂ ಹಿಮ ಬೀಳುವ ಜಾಗಗಳಿಗೆಂದು ಇದೇ ಗಾಳಿಯ ಮಾತು ಬರೆದಿದೆ: 20 ಮಿ.ಮೀ. ಖಡಿಯ ಕಾಂಕ್ರೀಟಿಗೆ ಶೇ 5, ಒಂದು ಹೆಚ್ಚು ಅಥವಾ ಒಂದು ಕಡಿಮೆ.

ಹಾಗಾಗಿ ಚಳಿನಾಡಿನಲ್ಲಿ ಹಳೆಯ ಡ್ರೈವ್‌ವೇ ಕಿತ್ತು ಹೊಸದು ಹಾಕುವುದೆಂದರೆ ನೀರಿನ ಜೊತೆ ಒಪ್ಪಂದ ಮಾಡಿಕೊಂಡಂತೆ. ಹಳೆಯದರ ಮೇಲೆ ತೆಳುವಾಗಿ ಬಳಿದರೆ ನಿಲ್ಲುವುದಿಲ್ಲ, ಪೂರ್ತಿ ತೆಗೆಯಬೇಕು. ಅಡಿಯಲ್ಲಿ ನೀರು ನಿಲ್ಲದ ಖಡಿಯ ಹಾಸು, ಅದರ ಮೇಲೆ ರೋಲರ್, ಮನೆಯಿಂದ ಆಚೆಗೆ ಇಳಿಜಾರು. ಸಿಮೆಂಟಿನ ತೂಕದ 0.45 ಪಾಲಿಗಿಂತ ಹೆಚ್ಚು ನೀರು ಕೂಡದು, 32 ಮೆಗಾಪಾಸ್ಕಲ್ ಬಲ ಬೇಕು ಎನ್ನುತ್ತದೆ ಕೆನಡಾದ ಮಾನದಂಡ. ನಾಲ್ಕಿಂಚು ದಪ್ಪದ ಹಾಸಿಗೆ ಎಂಟು ಹತ್ತು ಅಡಿಗೊಂದು ಗೆರೆ ಕೊಯ್ಯಬೇಕು. ಬಿರುಕು ಹೇಗೂ ಬಿಡುತ್ತದೆ, ನಾವು ಹೇಳಿದ ಕಡೆ ಬಿಡಲಿ ಎಂದು! ಇನ್ನು ಮೇಲ್ಮೈ. ನಮ್ಮ ಮನೆಗಳಲ್ಲಿ ಕನ್ನಡಿಯಂತೆ ನುಣುಪು ಬಂದರೆ ಗೌಂಡಿಯನ್ನು ಹೊಗಳುತ್ತೇವೆ. ಅಲ್ಲಿ ಮೇಲೆ ತೇಲಿದ ನೀರು ಆರುವ ಮುನ್ನ ಕರಣೆ ಆಡಿಸಿದರೆ ಕೆಟ್ಟಿತು. ಆ ನೀರು ಮೇಲ್ಪದರಕ್ಕೆ ಬೆರೆತು ಪದರ ಸಪ್ಪೆಯಾಗುತ್ತದೆ, ಗುಳ್ಳೆಗಳೂ ಓಡಿಹೋಗುತ್ತವೆ. ಅದಕ್ಕೇ ಕಸಬರಿಗೆ ಎಳೆದು ಒರಟಾಗಿ ಬಿಡುತ್ತಾರೆ. ಮೊದಲ ಚಳಿಗಾಲದಲ್ಲಿ ಉಪ್ಪು ಮುಟ್ಟಿಸಬಾರದು.

ಹಿಮ ಕಾಣದ ಬಾಗಲಕೋಟೆಗೆ ಇದೆಲ್ಲ ಏಕೆ? ಹುನಗುಂದದ ಕಡೆ ಮನೆ ಕಟ್ಟಿದವರಿಗೆ ಉತ್ತರ ಗೊತ್ತಿದೆ. ಅಲ್ಲಿನ ಅಂಗಳದ ಕಾಂಕ್ರೀಟೂ ಒಡೆಯುತ್ತದೆ, ಒಡೆಯುವುದೂ ನೀರೇ! ಎರೆ ಮಣ್ಣಿನ ಜೇಡಿಯಲ್ಲಿ ಹಾಳೆ ಹಾಳೆಯಾಗಿರುವ ಕಣಗಳಿವೆ. ಮಳೆ ಬಂದರೆ ಅವು ನೀರನ್ನು ಪದರಗಳ ನಡುವೆ ಎಳೆದುಕೊಂಡು ಉಬ್ಬುತ್ತವೆ, ಬೇಸಿಗೆಯಲ್ಲಿ ಅವು ಕುಗ್ಗಿದಾಗ ನೆಲ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಮೇಲಿರುವ ಹಾಸು ವರ್ಷವಿಡೀ ಏಳುತ್ತದೆ, ಇಳಿಯುತ್ತದೆ. ವರ್ಷಕ್ಕೆ 600 ಮಿ.ಮೀ. ಕೂಡ ಮಳೆ ಕಾಣದ ಈ ಜಿಲ್ಲೆಯಲ್ಲಿ ಅಷ್ಟೇ ನೀರು ಇಷ್ಟು ಕೆಲಸ ಮಾಡುತ್ತದೆ ಎಂದರೆ ನಂಬಲಾಗುವುದಿಲ್ಲ. ಕೆನಡಾದಲ್ಲಿ ಹಿಗ್ಗುವುದು ಕಾಂಕ್ರೀಟಿನೊಳಗಿನ ನೀರು, ಇಲ್ಲಿ ಹಿಗ್ಗುವುದು ಕಾಂಕ್ರೀಟಿನ ಕೆಳಗಿನ ಮಣ್ಣು. ಎರಡಕ್ಕೂ ಬಲ ಹೆಚ್ಚಿಸುವುದೊಂದೇ ಮದ್ದಲ್ಲ, ಹಿಗ್ಗಲು ಜಾಗ ಕೊಡುವುದು ಇಲ್ಲವೇ ನೀರನ್ನು ಹತ್ತಿರ ಸೇರಿಸದಿರುವುದು ಮದ್ದು. ಎರಿ ತೆಗೆಸಿ ಗರಸು ತುಂಬಿಸ್ರಿ ಎಂದು ನಮ್ಮ ಕಡೆಯ ಗೌಂಡಿಗಳು ಹೇಳುತ್ತಾರಲ್ಲ, ಅದೂ ಪವರ್ಸ್ ಅವರ ಲೆಕ್ಕವೂ ಒಂದೇ ಮನೆಯ ಮಕ್ಕಳು.

ಈಗ ನಮ್ಮ ಜಿಲ್ಲೆಯಲ್ಲೇ ಕಲಸಿದ ಒಂದು ಬುಟ್ಟಿ ಕಾಂಕ್ರೀಟನ್ನು ನೋಡಿ. ಸಿಮೆಂಟು ಬಾಗಲಕೋಟೆ, ಮುಧೋಳ, ಲೋಕಾಪುರದ ಕಡೆಯ ಸುಣ್ಣಗಲ್ಲನ್ನು 1,450 ಡಿಗ್ರಿಯಲ್ಲಿ ಸುಟ್ಟು ಮಾಡಿದ್ದು. ಆ ಸುಣ್ಣಗಲ್ಲು ಒಂದು ಕಾಲಕ್ಕೆ ಇಲ್ಲಿ ಸಮುದ್ರವಿತ್ತು ಎಂಬುದರ ಸಾಕ್ಷಿ. ಉಸುಕು ಹಳೆಯ ಬಂಡೆಗಳು ಸವೆದು ಹೊಳೆಗೆ ಸೇರಿದ್ದು. ಖಡಿ ಗ್ರಾನೈಟಿನದು. ಬಾಗಲಕೋಟೆ ಜಿಲ್ಲೆಯ ಇಡೀ ಭೂಗರ್ಭ ಆ ಬುಟ್ಟಿಯೊಳಗಿದೆ! ಇಲ್ಲಿನ ಸುಣ್ಣಗಲ್ಲು, ಮರಳುಗಲ್ಲುಗಳ ಸಾಲನ್ನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1876ರಲ್ಲೇ ಬರೆದಿಟ್ಟರು, ಇದೇ ಜಿಲ್ಲೆಯ ಕಲಾದಗಿಯ ಹೆಸರು ಅದಕ್ಕೆ ಅಂಟಿತು. ಬಾದಾಮಿಯ ಮರಳುಗಲ್ಲು ಅದೇ ಸಾಲಿನ ಮೇಲಿನ ಪದರ. ಬಂಡೆಯ ಮೇಲೆ ಇಂದಿಗೂ ನೀರಿನ ಅಲೆಗಳ ಗೆರೆ ಕಾಣುತ್ತದೆ, ಹತ್ತಾರು ಕೋಟಿ ವರ್ಷದ ಹಿಂದೆ ಮರಳಿನ ಮೇಲೆ ಮೂಡಿದ ಅಲೆ! 578ರಲ್ಲಿ ಚಾಲುಕ್ಯ ಮನೆತನದ ಮಂಗಲೇಶ ಮೂರನೇ ಗುಹೆಯನ್ನು ಕೊರೆಸಿದ್ದು ಈ ಕಲ್ಲಿನಲ್ಲೇ. ಮರಳುಗಲ್ಲಿಗೆ ರಂಧ್ರಗಳುಂಟು, ಅದು ನೀರು ಕುಡಿಯುತ್ತದೆ. ನೀರನ್ನು ಹೆಪ್ಪುಗಟ್ಟಿಸುವ ಚಳಿ ಬಾದಾಮಿಗೆ ಬರದಿರುವುದು ಆ ಗುಹೆಯ ವಿಷ್ಣು, ವರಾಹರ ದೊಡ್ಡ ಭಾಗ್ಯ ಎಂದೇ ನಾನು ಭಾವಿಸುತ್ತೇನೆ.

ಆದರೆ ಇಳಕಲ್ಲಿನ ಕಲ್ಲಿಗೆ ಆ ಭಯವೂ ಇಲ್ಲ. ಸುಮಾರು 250 ಕೋಟಿ ವರ್ಷದ ಹಿಂದೆ ಭೂಮಿಯಾಳದಲ್ಲಿ ನಿಧಾನವಾಗಿ ತಣಿದು, ಹರಳು ಹರಳಿಗೆ ಹೆಣೆದುಕೊಂಡು ಗಟ್ಟಿಯಾದ ಗ್ರಾನೈಟ್ ಅದು. ಅದರ ಕೆಂಪು ಫೆಲ್ಡ್‌ಸ್ಪಾರ್ ಹರಳಿನದು. ಒಳ್ಳೆಯ ಗ್ರಾನೈಟ್ ತನ್ನ ತೂಕದ ಶೇ 0.5ರಷ್ಟೂ ನೀರು ಹೀರುವುದಿಲ್ಲ. ಒಳಗೆ ಹೆಚ್ಚುಕಡಿಮೆ ನೀರೇ ಇಲ್ಲದ ಮೇಲೆ ಹೆಪ್ಪುಗಟ್ಟುವುದು ಏನು? ಕಾಂಕ್ರೀಟು ನೀರಿಗೆ ಜಾಗ ಕೊಟ್ಟು ಬದುಕಿದರೆ, ಗ್ರಾನೈಟು ಬಾಗಿಲೇ ತೆರೆಯದೆ ಬದುಕುತ್ತದೆ. ಹುನಗುಂದ, ಇಳಕಲ್, ಕುಷ್ಟಗಿ ಸೀಮೆಯ ಕೆಂಪು, ಗುಲಾಬಿ ಗ್ರಾನೈಟು ಹಡಗು ಹತ್ತಿ ಹೊರದೇಶಗಳಿಗೆ ಹೋಗಿ ಸ್ಮಾರಕಶಿಲೆಯಾಗಿ, ಗೋಡೆಯ ಹೊದಿಕೆಯಾಗಿ ನಿಂತಿದೆ. ಯುರೋಪಿನ ಚಳಿನಾಡುಗಳ ಹಲವು ಹಳೆಯ ಬೀದಿಗಳಿಗೆ ಹಾಸಿರುವುದೂ ಗ್ರಾನೈಟಿನ ಸಣ್ಣ ಚೌಕಗಲ್ಲುಗಳನ್ನೇ. ಉಸುಕಿನ ಮೇಲೆ ಕೂರಿಸಿದ ಆ ಕಲ್ಲುಗಳ ನಡುವಿನ ಸಂದುಗಳೇ ಅವಕ್ಕೆ ಗಾಳಿಗುಳ್ಳೆ. ನೆಲ ಉಬ್ಬಿದರೆ ಕಲ್ಲು ಏಳುತ್ತದೆ, ಇಳಿದರೆ ಇಳಿಯುತ್ತದೆ, ಒಡೆಯುವುದಿಲ್ಲ. ಪೈಪು ಹಾಕಬೇಕೆಂದರೆ ನಾಲ್ಕು ಕಲ್ಲು ತೆಗೆದು ಮತ್ತೆ ಅಲ್ಲೇ ಇಡಬಹುದು.

ಎರೆ ಮಣ್ಣಿನ ಮೇಲೆ ಇಂಥ ಕಲ್ಲುಹಾಸಿಗಿಂತ ಒಪ್ಪುವ ಅಂಗಳ ಇನ್ನೊಂದಿಲ್ಲ ಎನ್ನುವುದು ನನ್ನ ತೀರ್ಮಾನ. ಗಣಿಯಿಂದ ತೆಗೆದ ಕಲ್ಲಿನಲ್ಲಿ ದೊಡ್ಡ ಬ್ಲಾಕಾಗಿ ಮಾರಾಟವಾಗುವ ಪಾಲು ಸಣ್ಣದು, ಉಳಿದದ್ದು ಬಿದ್ದಿರುತ್ತದೆ. ಬಾಗಲಕೋಟೆಯ ನವನಗರದಲ್ಲಿರಲಿ, ಹುನಗುಂದದಲ್ಲಿರಲಿ, ಒಡೆದ ಕಾಂಕ್ರೀಟ್ ಕೀಳಿಸುವ ಮೊದಲು ಒಮ್ಮೆ ಇಳಕಲ್ಲಿಗೆ ಹೋಗಿ ಆ ತುಂಡುಗಲ್ಲಿನ ದರ ವಿಚಾರಿಸಿ. ಎರೆ ತೆಗೆಸಿ, ಗರಸು ತುಂಬಿಸಿ, ಉಸುಕಿನ ಮೇಲೆ ಕಲ್ಲು ಕೂರಿಸಿ. ಬ್ರಾಂಪ್ಟನ್ನಿನಲ್ಲಿರುವ ಅಣ್ಣನೋ ತಂಗಿಯೋ ಹೊಸ ಡ್ರೈವ್‌ವೇ ಹಾಕಿಸುತ್ತಿದ್ದರೆ ಫೋನ್ ಮಾಡಿ ಇಷ್ಟು ಹೇಳಿ: ರೆಡಿಮಿಕ್ಸ್ ಲಾರಿ ಬಂದಾಗ ಚೀಟಿ ನೋಡಿ, ಗಾಳಿ ಶೇ 5ಕ್ಕಿಂತ ಕಡಿಮೆ ಇದ್ದರೆ ಇಳಿಸಿಕೊಳ್ಳಬೇಡಿ.