ಸಮುದ್ರದ ಪೆಪ್ಟೈಡ್ ಪುಡಿಯಿಂದ ಕರುಳಿನ ಉರಿಯೂತ ಗುಣವಾಗುತ್ತದೆಯೇ?

'ಸಮುದ್ರ ಜೀವಿಗಳಿಂದ ತೆಗೆದ ಸತು-ಪೆಪ್ಟೈಡ್ ಪುಡಿ ದಿನಕ್ಕೊಂದು ಚಮಚ ಕುಡಿಯಿರಿ, ಕರುಳಿನ ಉರಿಯೂತ ಮಾಯ, ಮಾತ್ರೆ ಬೇಡ.' ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಇದರಲ್ಲಿ ಸ್ವಲ್ಪ ವಿಜ್ಞಾನವಿದೆ. ಅಪಾಯ ಇರುವುದು ಕೊನೆಯ ಎರಡು ಪದಗಳಲ್ಲಿ.

ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಂಡು. ಮೀನು, ಸಿಂಪಿಗಳ ಪ್ರೋಟೀನನ್ನು ಕಿಣ್ವಗಳಿಂದ ಒಡೆದು, ಆ ತುಂಡುಗಳಿಗೆ ಸತು, ಕಬ್ಬಿಣ ಅಥವಾ ಕ್ಯಾಲ್ಸಿಯಂ ಜೋಡಿಸುತ್ತಾರೆ. ಯಾಕೆ ಜೋಡಿಸಬೇಕು? ಕುರ್ತಕೋಟಿಯ ಊಟದ ತಾಟನ್ನೇ ನೋಡಿ. ಜೋಳದ ರೊಟ್ಟಿ, ಕಾಳುಪಲ್ಯದಲ್ಲಿ ಸತು ಇದೆ, ಜೊತೆಗೆ ಫೈಟೇಟ್ ಎಂಬ ಅಂಶವೂ ಇದೆ. ಅದು ಸತುವನ್ನು ಹಿಡಿದಿಟ್ಟುಕೊಂಡು ಕರುಳು ಪೂರ್ತಿ ಹೀರಿಕೊಳ್ಳದಂತೆ ಮಾಡುತ್ತದೆ. ಪೆಪ್ಟೈಡ್ ಜೊತೆಗಿದ್ದರೆ ಸತು ಫೈಟೇಟಿಗೆ ಸಿಗದೆ ದಾಟೀತು ಎಂಬುದು ಸಂಶೋಧಕರ ಲೆಕ್ಕ. (ಮಡಕಿಕಾಳು ಮೊಳಕೆ ಬರಿಸಿದರೂ ಫೈಟೇಟ್ ಕಡಿಮೆಯಾಗುತ್ತದೆ. ಅದಕ್ಕೆ ಖರ್ಚಿಲ್ಲ.)

ಸತುವಿಗೂ ಕರುಳಿಗೂ ನಂಟಿರುವುದು ನಿಜ. ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಜೊತೆ ಸತುವಿನ ಮಾತ್ರೆಯನ್ನೂ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿವೆ. ಆಶಾ ಕಾರ್ಯಕರ್ತೆಯರು ಕೊಡುವುದು ಆ ಸಾದಾ ಮಾತ್ರೆಯನ್ನೇ.

ಆದರೆ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್‌ನಂಥ ದೀರ್ಘಕಾಲದ ಉರಿಯೂತ ಬೇರೆಯೇ ಕಾಯಿಲೆ. ಅದರ ಮೇಲೆ ಸಮುದ್ರದ ಪೆಪ್ಟೈಡ್‌ಗಳ ಪ್ರಯೋಗ ಹೆಚ್ಚಾಗಿ ನಡೆದಿರುವುದು ಇಲಿಗಳಲ್ಲಿ. ಡಿಎಸ್‌ಎಸ್ ಎಂಬ ರಾಸಾಯನಿಕ ಬೆರೆಸಿದ ನೀರು ಕುಡಿಸಿ ಇಲಿಯ ಕರುಳಿನಲ್ಲಿ ಹುಣ್ಣು ಬರಿಸುತ್ತಾರೆ, ಪೆಪ್ಟೈಡ್ ಕೊಟ್ಟು ನೋಡುತ್ತಾರೆ. ಕೆಲವು ಪ್ರಯೋಗಗಳಲ್ಲಿ ಉರಿಯೂತ ತಗ್ಗಿದೆ. ಆದರೆ ರಾಸಾಯನಿಕ ನಿಲ್ಲಿಸಿದರೆ ಇಲಿಯ ಹುಣ್ಣು ತಾನಾಗಿಯೇ ಮಾಯತೊಡಗುತ್ತದೆ; ಮನುಷ್ಯರಲ್ಲಿ ಈ ಕಾಯಿಲೆ ವರ್ಷಗಟ್ಟಲೆ ಮರುಕಳಿಸುತ್ತದೆ. ಮಾತ್ರೆಯ ಬದಲು ಈ ಪುಡಿ ಸಾಕು ಎಂಬುದಕ್ಕೆ ಪುರಾವೆಯಿಲ್ಲ.

ಮೆಸಲಮೈನ್ ಬಿಟ್ಟರೆ ರೋಗ ಮರಳುವ ಸಾಧ್ಯತೆ ಹೆಚ್ಚು. ಸ್ಟೀರಾಯ್ಡನ್ನಂತೂ ಒಮ್ಮೆಲೇ ನಿಲ್ಲಿಸುವುದೇ ಅಪಾಯ. ಮಲದಲ್ಲಿ ರಕ್ತ, ತೂಕ ಇಳಿಕೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಮೂಲವ್ಯಾಧಿ ಇರಬೇಕೆಂದು ಸುಮ್ಮನಿರಬೇಡಿ, ಗದಗದ ಜಿಮ್ಸ್‌ಗೆ ಹೋಗಿ ತೋರಿಸಿ.

ಇನ್ನು ಡಬ್ಬಿಯ ವಿಷಯ. ಆಹಾರ ಪೂರಕಗಳ ಲೇಬಲ್ ಮೇಲೆ 'ಔಷಧವಾಗಿ ಬಳಸುವಂಥದ್ದಲ್ಲ' ಎಂದು ಬರೆದಿರಲೇಬೇಕು ಎನ್ನುತ್ತದೆ ಎಫ್‌ಎಸ್‌ಎಸ್‌ಎಐ ನಿಯಮ. ಸಂದೇಶ ಹೇಳುವುದು ಒಂದು, ಡಬ್ಬಿ ಹೇಳುವುದು ಇನ್ನೊಂದು! ಸಮುದ್ರ ಸೌತೆ ಎಂಬ ಪ್ರಾಣಿಯ ಪುಡಿ ಎಂದಿದ್ದರೆ ಇನ್ನೂ ಎಚ್ಚರ: ಭಾರತದಲ್ಲಿ 2001ರಿಂದ ಅದು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಮೀನು, ಸಿಗಡಿ ಅಲರ್ಜಿ ಇರುವವರು ಇಂಥ ಪುಡಿ ಮುಟ್ಟಬಾರದು. ಸಸ್ಯಾಹಾರಿಗಳು ಹಸಿರು ಗುರುತು ಇದೆಯೇ ಎಂದು ನೋಡಿಕೊಳ್ಳಿ. ಮೀನಿನಿಂದ ಮಾಡಿದ್ದಕ್ಕೆ ಅದು ಇರುವುದಿಲ್ಲ.